ನನ್ನ ವಿಷಯ ಯಾವುದು ಅಂತ ತಿಳಿಯದೆ ಬರೆಯಲು ಶುರು ಮಾಡಬಹುದಾ?

ಓದುಗರ ಪ್ರಶ್ನೆ: ಬರೆಯಬೇಕು ಅನ್ನೋ ಆಸೆ ತುಂಬಾ ಇದೆ. ಆದರೆ ಯಾವ ವಿಷಯ ಹಿಡಿಯಲಿ ಅನ್ನೋದೇ ಬಗೆಹರಿಯುತ್ತಿಲ್ಲ. ಪುಸ್ತಕ ಇಷ್ಟ, ಹಾಡು ಇಷ್ಟ, ಗಿಡ ಬೆಳೆಸೋದೂ ಇಷ್ಟ. ಯಾವುದರಲ್ಲೂ ನಾನು ಪರಿಣತೆ ಅಲ್ಲ. ‘ನಿನ್ನ ಪ್ಯಾಶನ್ ಏನು ಅಂತ ಮೊದಲು ತಿಳ್ಕೋ’ ಅಂತ ಎಲ್ಲರೂ ಹೇಳ್ತಾರೆ. ಅದು ಗೊತ್ತಾಗೋವರೆಗೆ ಕಾಯಬೇಕಾ?

ಕಾಯಬೇಡಿ. ಕಾದು ನೋಡಿದವನು ನಾನು. ನನ್ನ ಹತ್ತಿರ ಈಗಲೂ ಒಂದು ನೋಟ್‌ಬುಕ್ ಇದೆ. ಮೊದಲ ಪುಟದಲ್ಲಿ ‘ನಾನು ಯಾರು?’ ಅಂತ ದಪ್ಪ ಅಕ್ಷರದಲ್ಲಿ ಬರೆದು, ಅಡಿಯಲ್ಲಿ ಎರಡು ಗೆರೆ ಎಳೆದಿದ್ದೇನೆ. ಆಮೇಲೆ ಇಡೀ ಪುಸ್ತಕ ಖಾಲಿ. ಎರಡು ವರ್ಷ ಅದು ಮೇಜಿನ ಮೇಲೆ ಹಾಗೇ ಬಿದ್ದಿತ್ತು.

ಕೊನೆಗೆ ದಾರಿ ಸಿಕ್ಕಿದ್ದು ಫೋನಿನ ಗ್ಯಾಲರಿಯಲ್ಲಿ. ಜಾಗ ಇಲ್ಲ ಅಂತ ಫೋನು ದಿನಾ ಗೋಳಾಡುತ್ತಿತ್ತು. ಬೇಡದ ಫೋಟೊ ಅಳಿಸೋಣ ಅಂತ ಕೂತೆ. ಆಗ ನನ್ನ ಹುಚ್ಚು ಏನು ಅಂತ ಕೇಳಿದ್ದರೆ ‘ಪ್ರಕೃತಿಯ ಫೋಟೊ’ ಅಂತ ಹೇಳುತ್ತಿದ್ದೆ. ಗ್ಯಾಲರಿ ಬೇರೆಯದೇ ಕಥೆ ಹೇಳಿತು. ಸೂರ್ಯಾಸ್ತ ನಾಲ್ಕೋ ಐದೋ ಇದ್ದವು. ಉಳಿದಂತೆ ಎಲ್ಲಿ ನೋಡಿದರೂ ಚೀಟಿಗಳು. ಜನ ಕೈಯಲ್ಲಿ ಬರೆದು ಬಾಗಿಲಿಗೋ ಗೋಡೆಗೋ ಅಂಟಿಸುತ್ತಾರಲ್ಲ, ಅವು. ‘ಬೆಲ್ ಕೆಟ್ಟಿದೆ, ಬಾಗಿಲು ತಟ್ಟಿ.’ ‘ಲಿಫ್ಟ್ ಇವತ್ತೂ ಇಲ್ಲ.’ ಆ ‘ಇವತ್ತೂ’ ಅನ್ನುವುದನ್ನು ಯಾರೋ ಆಮೇಲೆ ಬೇರೆ ಪೆನ್ನಿನಲ್ಲಿ ಸೇರಿಸಿದ್ದರು. ‘ದಯವಿಟ್ಟು ಇಲ್ಲಿ ಗಾಡಿ ನಿಲ್ಲಿಸಬೇಡಿ’ ಅಂತ ಬರೆದು, ತಾಳ್ಮೆ ಕೆಟ್ಟ ಮೇಲೆ ‘ದಯವಿಟ್ಟು’ ಒಂದನ್ನು ಮಾತ್ರ ಗೀಚಿ ಹಾಕಿದ್ದ ಇನ್ನೊಂದು ಚೀಟಿ.

ಇವನ್ನು ಕ್ಲಿಕ್ಕಿಸುವಾಗ ‘ಇದು ನನ್ನ ಆಸಕ್ತಿ’ ಅಂತ ಒಂದು ದಿನವೂ ಅನ್ನಿಸಿರಲಿಲ್ಲ. ಸುಮ್ನೆ ತೆಗೆದಿದ್ದೆ. ಆ ‘ಸುಮ್ನೆ’ ಇದೆಯಲ್ಲ, ಹುಡುಕಬೇಕಾದ ಜಾಗ ಅದೇ. ಯಾರೂ ಹೇಳದೆ, ಯಾರಿಗೂ ತೋರಿಸುವ ಉದ್ದೇಶ ಇಲ್ಲದೆ, ನೀವು ಮತ್ತೆ ಮತ್ತೆ ಮಾಡಿದ ಕೆಲಸ. ರಾತ್ರಿ ನಿದ್ದೆ ಬಿಟ್ಟು ಗೂಗಲ್‌ನಲ್ಲಿ ಹುಡುಕಿದ್ದು. ಗೆಳತಿಗೆ ಕಳಿಸಿದ ಏಳು ನಿಮಿಷದ ವಾಯ್ಸ್ ಮೆಸೇಜು. ಪುಸ್ತಕದಲ್ಲಿ ಪೆನ್ಸಿಲ್ ಗೀಟು ಹಾಕಿದ ಸಾಲು.

ನಾವು ಬಾಯಲ್ಲಿ ‘ನನಗಿಷ್ಟ’ ಅನ್ನುವುದರಲ್ಲಿ ಬೇರೆಯವರಿಂದ ಎರವಲು ತಂದದ್ದೇ ಜಾಸ್ತಿ. ಮನಶ್ಶಾಸ್ತ್ರಜ್ಞ ಜೇಮ್ಸ್ ಮಾರ್ಸಿಯಾ ಕಾಲೇಜು ಹುಡುಗರನ್ನು ಮಾತಾಡಿಸಿ, ‘ನಾನು ಇಂಥವನು’ ಅನ್ನುವ ಅರಿವಿನಲ್ಲಿ ನಾಲ್ಕು ಸ್ಥಿತಿಗಳಿವೆ ಅಂತ 1966ರಲ್ಲಿ ಬರೆದರು. ಅದರಲ್ಲಿ ಒಂದು, ಹುಡುಕಾಟವನ್ನೇ ಮಾಡದೆ, ಮನೆಯವರು ಕೈಗಿಟ್ಟ ಗುರುತನ್ನೇ ತನ್ನದು ಅಂತ ಗಟ್ಟಿಯಾಗಿ ಹಿಡಿದುಕೊಳ್ಳುವುದು. ಹೊರಗಿನಿಂದ ನೋಡಿದರೆ ಇಂಥವರಿಗೆ ಗೊಂದಲವೇ ಇಲ್ಲ. ಇನ್ನೊಂದು, ಹುಡುಕುತ್ತಾ ಇರುವುದು, ಆದರೆ ಇನ್ನೂ ಯಾವುದಕ್ಕೂ ಗಂಟು ಬೀಳದಿರುವುದು. ನಿಮ್ಮ ಪತ್ರ ಓದಿದರೆ ನೀವಿರುವುದು ಇಲ್ಲಿ. ಮಾರ್ಸಿಯಾ ಲೆಕ್ಕದಲ್ಲಿ ಅದು ಕಾಯಿಲೆ ಅಲ್ಲ, ಗಟ್ಟಿ ಗುರುತು ಬರುವ ದಾರಿಯೇ ಅದು.

ಇನ್ನು ಪ್ಯಾಶನ್ ವಿಷಯ. ‘ಪ್ಯಾಶನ್ ಹುಡುಕು’ ಅನ್ನುವ ಬುದ್ಧಿಮಾತು ಕೇಳಿದರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ಅದೇನು ಕಳೆದುಹೋದ ಕೀಲಿಕೈಯಾ, ಸೋಫಾದ ಸಂದಿಯಲ್ಲಿ ಸಿಗೋಕೆ? ಪಾಲ್ ಓಕೀಫ್, ಕ್ಯಾರಲ್ ಡ್ವೆಕ್, ಗ್ರೆಗ್ ವಾಲ್ಟನ್ ಎಂಬ ಮೂವರು 2018ರಲ್ಲಿ ಪ್ರಕಟಿಸಿದ ಸಂಶೋಧನೆ ಇದನ್ನೇ ಕೆದಕಿತ್ತು. ಅವರು ವಿದ್ಯಾರ್ಥಿಗಳಿಗೆ ಕಪ್ಪುಕುಳಿಯಂಥ ವಿಷಯದ ಮೇಲೆ ಒಂದು ಚೆಂದದ ವಿಡಿಯೊ ತೋರಿಸಿದರು. ನೋಡಿದ ಹೆಚ್ಚಿನವರಿಗೆ ಖುಷಿಯಾಯಿತು. ಆಮೇಲೆ ಅದೇ ವಿಷಯದ ಕಬ್ಬಿಣದ ಕಡಲೆಯಂಥ ಲೇಖನ ಓದಲು ಕೊಟ್ಟರು. ಆಸಕ್ತಿ ಮೊದಲೇ ಒಳಗೆ ತಯಾರಾಗಿ ಕೂತಿರುತ್ತದೆ ಅಂತ ನಂಬಿದವರ ಉತ್ಸಾಹ ಬೇಗ ಇಳಿಯಿತು. ಆಸಕ್ತಿ ಬೆಳೆಸಿಕೊಳ್ಳುವಂಥದ್ದು ಅಂತ ನಂಬಿದವರಲ್ಲಿ ಅಷ್ಟು ಇಳಿಯಲಿಲ್ಲ. ಕಾರಣ ಊಹಿಸಲು ಕಷ್ಟವಿಲ್ಲ. ‘ಇದು ನಿಜವಾಗಿ ನನ್ನದೇ ಆಗಿದ್ದರೆ ಸಲೀಸಾಗಿ ಬರಬೇಕಿತ್ತು’ ಅಂದುಕೊಂಡವರು ಮೊದಲ ಏರು ಬಂದ ಕೂಡಲೇ ಕೈಬಿಡುತ್ತಾರೆ. ಮೂರನೇ ಬರಹಕ್ಕೇ ಬೇಸರ ಬಂತು ಅಂತ ವಿಷಯ ಬದಲಿಸುವವರೂ ಇದೇ ಜಾತಿ.

ಆಸಕ್ತಿ ನಿಧಾನಕ್ಕೆ ಬಲಿಯುವುದಕ್ಕೆ ನನಗೆ ಇಷ್ಟವಾದ ಉದಾಹರಣೆ ಚಾರ್ಲ್ಸ್ ಡಾರ್ವಿನ್ ಮತ್ತು ಎರೆಹುಳು. 1837ರಲ್ಲಿ, ಇನ್ನೂ ಇಪ್ಪತ್ತೆಂಟರ ಪ್ರಾಯದಲ್ಲಿ, ಎರೆಹುಳುಗಳು ಮೇಲ್ಮಣ್ಣನ್ನು ಹೇಗೆ ಕಟ್ಟುತ್ತವೆ ಅಂತ ಅವರು ಒಂದು ಸಣ್ಣ ಪ್ರಬಂಧ ಮಂಡಿಸಿದ್ದರು. ಆಮೇಲೆ ಬದುಕಿನ ತುಂಬ ಬೇರೆ ಕೆಲಸ. ಬಂಡೆಗೆ ಅಂಟಿಕೊಂಡು ಬದುಕುವ ಬಾರ್ನಕಲ್ ಜೀವಿಗಳಿಗೇ ಎಂಟು ವರ್ಷ ಹೋಯಿತು. ಆದರೂ ಹುಳು ತಲೆಯಿಂದ ಹೋಗಲಿಲ್ಲ. ಕುಂಡದಲ್ಲಿ ಹುಳು ಸಾಕಿ, ಅವಕ್ಕೆ ಕಿವಿ ಕೇಳುತ್ತದಾ ಅಂತ ನೋಡಲು ಸೀಟಿ ಊದಿಸಿದರು, ಬಸೂನ್ ಎಂಬ ದಪ್ಪ ದನಿಯ ವಾದ್ಯ ನುಡಿಸಿದರು. ಹುಳುಗಳು ಕ್ಯಾರೇ ಅನ್ನಲಿಲ್ಲ. ಕುಂಡವನ್ನು ಪಿಯಾನೊ ಮೇಲಿಟ್ಟು ಒಂದು ಸ್ವರ ಒತ್ತಿದಾಗ ಮಾತ್ರ ಪಟ್ಟನೆ ಬಿಲ ಸೇರಿದವು. ಅದು ಸದ್ದಿಗಲ್ಲ, ನಡುಕಕ್ಕೆ. ಎರೆಹುಳುವಿನ ಪುಸ್ತಕ ಹೊರಬಂದದ್ದು 1881ರಲ್ಲಿ, ಅವರು ತೀರಿಕೊಳ್ಳುವ ಹಿಂದಿನ ವರ್ಷ. ನಡುವೆ 44 ವರ್ಷ! ನೀವು ಅಷ್ಟು ಕಾಯಿರಿ ಅಂತಲ್ಲ. ಬಿಟ್ಟರೂ ಮರಳಿ ಬಂದು ಕಾಡುವುದು ಯಾವುದು ಅಂತ ಗಮನಿಸಿ ಅಂತ.

ಆದರೆ ಗಮನಿಸಬೇಕಾದರೆ ಮುಂದೆ ಏನಾದರೂ ಇರಬೇಕು, ಅಲ್ವಾ? ಅದಕ್ಕೇ ಮೊದಲು ಬರೆಯಿರಿ ಅನ್ನುವುದು. ಫ್ರಾನ್ಸಿನ ಲೇಖಕ ಮೊಂತೇನ್ 1571ರಲ್ಲಿ ಹುದ್ದೆ ಬಿಟ್ಟು ತನ್ನ ಗೋಪುರದ ಪುಸ್ತಕದ ಕೋಣೆ ಸೇರಿಕೊಂಡಾಗ ಅವರಿಗೂ ‘ನನ್ನ ವಿಷಯ ಇದು’ ಅನ್ನುವಂಥದ್ದು ಇರಲಿಲ್ಲ. ನಿದ್ದೆ, ವಾಸನೆ, ಹೆಬ್ಬೆರಳು, ಹೀಗೆ ಸಿಕ್ಕಿದ್ದರ ಮೇಲೆಲ್ಲ ಬರೆದರು. ಆ ಬರಹಗಳಿಗೆ ಅವರಿಟ್ಟ ಹೆಸರಿನ ಅರ್ಥವೇ ‘ಪ್ರಯತ್ನಗಳು’. 1580ರಲ್ಲಿ ಪುಸ್ತಕ ಅಚ್ಚಾಯಿತು. ಆಮೇಲೂ ಸಾಯುವವರೆಗೆ ಅಂಚಿನಲ್ಲಿ ಸೇರಿಸುತ್ತಲೇ ಹೋದರು.

ಹಾಗಾಗಿ ಹತ್ತು ಬರಹ ಬರೆಯಿರಿ. ಪುಸ್ತಕದ ಮೇಲೆ ಮೂರು, ಗಿಡದ ಮೇಲೆ ನಾಲ್ಕು, ಹೇಗೋ ಬರಲಿ. ಆಮೇಲೆ ಒಟ್ಟಿಗೆ ಓದಿ. ‘ಯಾವ ವಿಷಯ ಚೆನ್ನಾಗಿ ಬಂದಿದೆ’ ಅಂತ ನೋಡಬೇಡಿ. ಎಲ್ಲದರ ಕೆಳಗೆ ಒಂದೇ ಪ್ರಶ್ನೆ ಹರಿಯುತ್ತಿದೆಯಾ ನೋಡಿ. ಗಿಡದ ಬಗ್ಗೆ ಬರೆದಾಗೆಲ್ಲ ಅದನ್ನು ಕೊಟ್ಟವರ ನೆನಪೇ ಪುಟ ತುಂಬಿದ್ದರೆ, ನಿಮ್ಮ ವಿಷಯ ಗಿಡ ಅಲ್ಲ, ಮನುಷ್ಯರು. ಸತ್ತ ಗಿಡ ಯಾಕೆ ಸತ್ತಿತು ಅನ್ನುವುದನ್ನೇ ಬಿಡದೆ ಕೆದಕಿದ್ದರೆ, ನೀವು ಕಾರಣ ಹುಡುಕುವ ಜಾತಿ. ನಾಳೆ ಅದೇ ಕಣ್ಣಿನಿಂದ ಹಾಡನ್ನೂ ಬಿಚ್ಚಿ ನೋಡುತ್ತೀರಿ. ಇಂಥ ಪ್ರಶ್ನೆ ಸಿಕ್ಕರೆ ಪುಸ್ತಕ, ಹಾಡು, ಗಿಡ ಮೂರರಲ್ಲಿ ಒಂದನ್ನೂ ಬಿಡಬೇಕಾಗಿಲ್ಲ.

ಪರಿಣತಿ ಇಲ್ಲ ಅನ್ನುವ ಚಿಂತೆ ಬಿಡಿ. ಕಲಿಯುತ್ತಿದ್ದೇನೆ ಅಂತ ಹೇಳಿಕೊಂಡೇ ಬರೆಯಿರಿ. ಔಷಧ, ಸಾಲ, ಕಾನೂನು ಇವುಗಳಲ್ಲಿ ಮಾತ್ರ ಇನ್ನೊಬ್ಬರಿಗೆ ಸಲಹೆ ಕೊಡಲು ಹೋಗಬೇಡಿ.

ಹತ್ತು ಓದಿದರೂ ಏನೂ ಕಾಣದಿದ್ದರೆ? ಕಾಣದಿರಬಹುದು. ನಮ್ಮ ಬೆನ್ನು ನಮಗೆ ಕಾಣುವುದಿಲ್ಲ. ನಾನು ಚೀಟಿಗಳ ಮೇಲೆ ಬರೆಯತೊಡಗಿದಾಗ ಮೊದಲು ಕೈಬರಹದ ಅಂದದ ಬಗ್ಗೆ ಬರೆದೆ. ಮೂರನೆಯದಕ್ಕೇ ಉಸಿರು ಕಟ್ಟಿತು. ಅಕ್ಷರದಲ್ಲಿ ನನಗೆ ಆಸಕ್ತಿ ಇರಲೇ ಇಲ್ಲ. ಪರಿಚಯ ಇಲ್ಲದವರು ಪರಿಚಯ ಇಲ್ಲದವರ ಜೊತೆ ಹೇಗೆ ಮಾತಾಡುತ್ತಾರೆ, ನನ್ನನ್ನು ಹಿಡಿದದ್ದು ಅದು. ಸರಿ, ಸಿಕ್ಕಿತು ಅಂದುಕೊಂಡು ಹತ್ತು ಮುಗಿಸಿ ತಂಗಿಗೆ ಕೊಟ್ಟೆ. ‘ಹೇಗಿದೆ ಅಂತ ಹೇಳಬೇಡ, ನಾನು ಯಾವುದರ ಬೆನ್ನು ಬಿದ್ದಿದ್ದೀನಿ ಅಂತ ಹೇಳು’ ಅಂದೆ. ಅವಳು ಎರಡು ದಿನ ಬಿಟ್ಟು ಫೋನ್ ಮಾಡಿದಳು. ‘ಅಣ್ಣಾ, ನೀನು ಆರಿಸಿದ ಚೀಟಿಗಳಲ್ಲೆಲ್ಲ ಯಾರಾದರೊಬ್ಬರು ಕ್ಷಮೆ ಕೇಳ್ತಾ ಇದ್ದಾರೆ, ಇಲ್ಲಾ ಕೇಳಬೇಕಿತ್ತು ಅಂತ ನೀನು ಬರೆದಿದ್ದೀಯ. ನೋಡಿದ್ಯಾ?’ ನಾನು ನೋಡಿರಲಿಲ್ಲ.