ಗೆದ್ದ ಮ್ಯಾನೇಜರ್ ಇನ್ನೊಂದು ದೇಶದಲ್ಲಿ ಸೋಲುವುದೇಕೆ?

ಪ್ರಶ್ನೆ: ಬೇಸ್‌ಬಾಲ್ ನಿಯಮಗಳು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಹಾಗಿರುವಾಗ ಜಪಾನಿನಲ್ಲಿ ಪ್ರಶಸ್ತಿ ಗೆದ್ದ ಮ್ಯಾನೇಜರ್ ಅಮೆರಿಕದಲ್ಲಿ ಕೆಲಸ ಕಳೆದುಕೊಳ್ಳುವುದು ಹೇಗೆ?

ಉತ್ತರ: ಮೊದಲು ಒಂದು ಸ್ಪಷ್ಟನೆ. ಕ್ರಿಕೆಟ್‌ನಲ್ಲಿ ಬೌಲರ್ ಬದಲಿಸುವ, ಫೀಲ್ಡಿಂಗ್ ನಿಲ್ಲಿಸುವ ಕೆಲಸ ನಾಯಕನದು; ಬೇಸ್‌ಬಾಲ್‌ನಲ್ಲಿ ಅವೆಲ್ಲ ಮ್ಯಾನೇಜರನ ಪಾಲು. ಆತ ತಂಡದ ಸಮವಸ್ತ್ರವನ್ನೇ ತೊಟ್ಟು ಕೂರುತ್ತಾನೆ. ಆದರೆ ಅವನ ಕೈಗೆ ಎಂಥ ಆಟಗಾರರು ಸಿಗುತ್ತಾರೆ ಎಂಬುದನ್ನು ಬಹುಪಾಲು ಬೇರೆಯವರೇ ನಿರ್ಧರಿಸುತ್ತಾರೆ. ನಿಮ್ಮ ಪ್ರಶ್ನೆಯ ಗಂಟು ಇರುವುದು ಇಲ್ಲೇ ಎಂದು ನನಗೆ ಅನಿಸುತ್ತದೆ, ಮತ್ತು ಟೆಕ್ಸಸ್‌ನ ಟ್ರೇ ಹಿಲ್‌ಮನ್ ಅವರ ವೃತ್ತಿಜೀವನ ಅದನ್ನು ಚೆನ್ನಾಗಿ ತೋರಿಸುತ್ತದೆ.

ಹಿಲ್‌ಮನ್ ಅಮೆರಿಕದ ಅತ್ಯುನ್ನತ ಹಂತವಾದ ಮೇಜರ್ ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಆಡಿದವರಲ್ಲ. ನ್ಯೂಯಾರ್ಕ್ ಯಾಂಕೀಸ್ ಸಂಸ್ಥೆಯ ಕೆಳಹಂತದ ತಂಡಗಳನ್ನು ಹತ್ತಕ್ಕೂ ಹೆಚ್ಚು ವರ್ಷ ನಡೆಸಿ, 2003ರಲ್ಲಿ ಜಪಾನಿನ ನಿಪ್ಪಾನ್ ಹ್ಯಾಮ್ ಫೈಟರ್ಸ್ ತಂಡದ ಹೊಣೆ ಹೊತ್ತರು. ಮರುವರ್ಷ ತಂಡ ಟೋಕಿಯೊ ಬಿಟ್ಟು ಉತ್ತರದ ಸಪ್ಪೊರೊ ನಗರಕ್ಕೆ ಹೋಯಿತು. ಆರಂಭದಲ್ಲಿ ಅವರು ಅಮೆರಿಕದ ರೂಢಿಯಂತೆ ದೊಡ್ಡ ಹೊಡೆತಗಳನ್ನೇ ನೆಚ್ಚಿದ್ದರು. 2005ರಲ್ಲಿ ತಂಡ ಆರರಲ್ಲಿ ಐದನೆಯ ಸ್ಥಾನಕ್ಕಿಳಿಯಿತು. ಮರುವರ್ಷ ಅವರು ಜಪಾನೀಯರಿಗೆ ಒಗ್ಗಿದ ಬಂಟ್‌ಗೆ ಒಲಿದರು. ಬಂಟ್ ಎಂದರೆ ಬ್ಯಾಟ್ ಬೀಸದೆ ಚೆಂಡನ್ನು ಮೆಲ್ಲಗೆ ತಾಗಿಸಿ ಕೆಳಗಿಳಿಸಿ, ತಾನು ಔಟಾದರೂ ಜತೆಗಾರನನ್ನು ಮುಂದಿನ ಬೇಸ್‌ಗೆ, ಅಂದರೆ ಓಟದ ದಾರಿಯ ಮುಂದಿನ ನೆಲೆಗೆ, ದಾಟಿಸುವುದು. ಆ ವರ್ಷವೇ ಫೈಟರ್ಸ್ ಚೂನಿಚಿ ಡ್ರ್ಯಾಗನ್ಸ್ ತಂಡವನ್ನು 4-1ರಿಂದ ಸೋಲಿಸಿ, 44 ವರ್ಷಗಳ ನಂತರ ಅಲ್ಲಿನ ಅಂತಿಮ ಸರಣಿಯಾದ ಜಪಾನ್ ಸೀರೀಸ್ ಗೆದ್ದಿತು. ಗೆಲುವಿನ ವೇದಿಕೆಯಲ್ಲಿ ಹಿಲ್‌ಮನ್ ತಮ್ಮ ಅಮೆರಿಕನ್ ಉಚ್ಚಾರಣೆಯಲ್ಲಿ ಎಳೆದೆಳೆದು ಕೂಗಿದ 'ಶಿಂಜಿರರೆನಾಯ್', ಅಂದರೆ 'ನಂಬಲಾಗುತ್ತಿಲ್ಲ', ಜಪಾನಿನಲ್ಲಿ ಮನೆಮಾತಾಯಿತು.

ಆ ಕೀರ್ತಿಯೇ ಅವರನ್ನು 2008ರಲ್ಲಿ ಕಾನ್ಸಾಸ್ ಸಿಟಿ ರಾಯಲ್ಸ್‌ಗೆ ಕರೆತಂದಿತು. ಮೊದಲ ವರ್ಷ 75 ಗೆಲುವು, 87 ಸೋಲು. ಎರಡನೆಯ ವರ್ಷ ಜ್ಯಾಕ್ ಗ್ರೈಂಕಿ ಲೀಗ್‌ನ ಅತ್ಯುತ್ತಮ ಪಿಚರ್ (ಚೆಂಡು ಎಸೆಯುವವ) ಎಂಬ ಸೈ ಯಂಗ್ ಪ್ರಶಸ್ತಿ ಪಡೆದರೂ ತಂಡ 97 ಪಂದ್ಯ ಸೋತಿತು, ಏಕೆಂದರೆ ಪಂದ್ಯ ಆರಂಭಿಸುವ ಒಬ್ಬ ಪಿಚರ್ ಸುಮಾರು ಐದು ದಿನಕ್ಕೊಮ್ಮೆ ಮಾತ್ರ ಇಳಿಯುತ್ತಾನೆ. 2010ರ ಮೇ ತಿಂಗಳಲ್ಲಿ ಅವರನ್ನು ಕೈಬಿಡಲಾಯಿತು. ಮುಂದೆ 2015ರಲ್ಲಿ ರಾಯಲ್ಸ್‌ಗೆ ವರ್ಲ್ಡ್ ಸೀರೀಸ್ ತಂದುಕೊಟ್ಟವರಲ್ಲಿ ಹಾಸ್ಮರ್, ಮುಸ್ತಾಕಸ್ ಅವರಂಥವರು ಮೇಜರ್ ಲೀಗ್‌ಗೆ ಕಾಲಿಟ್ಟದ್ದು 2011ರಲ್ಲಿ. ಹಿಲ್‌ಮನ್ ಅವರದು ತಪ್ಪೇ ಇಲ್ಲ ಎನ್ನಲಾರೆ. ಆದರೆ ಪೈರು ತೆನೆಗಟ್ಟುವ ಮೊದಲೇ ಅವರನ್ನು ಹೊಲದಿಂದ ಕಳುಹಿಸಿದರು.

2017ರಲ್ಲಿ ಅವರು ಕೊರಿಯಾದ ಇಂಚೆಯಾನ್ ನಗರದ ಎಸ್‌ಕೆ ವೈವರ್ನ್ಸ್ ಸೇರಿದರು. ಅಲ್ಲಿದ್ದವರು ಭಾರೀ ಹೊಡೆತಗಾರರು. ಜಪಾನಿನಲ್ಲಿ ಬಂಟ್ ಹಿಡಿದು ಗೆದ್ದವರೇ ಇಲ್ಲಿ ಬ್ಯಾಟ್ ಬೀಸಲು ಬಿಟ್ಟರು, ಆ ವರ್ಷ ತಂಡ 234 ಹೋಮ್ ರನ್ (ಸಾಮಾನ್ಯವಾಗಿ ಚೆಂಡನ್ನು ಮೈದಾನದಾಚೆ ಕಳುಹಿಸುವ ಹೊಡೆತ) ಬಾರಿಸಿ ಲೀಗ್ ದಾಖಲೆ ಮಾಡಿತು. 2018ರ ಫೈನಲ್‌ನಲ್ಲಿ ಎದುರಾದದ್ದು ಲೀಗ್ ಹಂತದಲ್ಲಿ ಬಹಳ ಮುಂದಿದ್ದ ದೂಸಾನ್ ಬೇರ್ಸ್. ಸಾಮಾನ್ಯವಾಗಿ ಒಂಬತ್ತು ಇನಿಂಗ್ಸ್‌ಗೆ ಮುಗಿಯಬೇಕಾದ ಆಟ ಆರನೆಯ ಪಂದ್ಯದಲ್ಲಿ 13 ಇನಿಂಗ್ಸ್‌ವರೆಗೆ ಎಳೆಯಿತು. ವೈವರ್ನ್ಸ್‌ನ ಹಾನ್ ಡಾಂಗ್‌ಮಿನ್ ಅವರ ಹೋಮ್ ರನ್ ಅದನ್ನು ನಿರ್ಧರಿಸಿತು. ಜಪಾನ್, ಕೊರಿಯಾ ಎರಡರ ಪ್ರಶಸ್ತಿಯನ್ನೂ ಗೆದ್ದ ಮೊದಲ ಮ್ಯಾನೇಜರ್ ಅವರಾದರು.

ವಯಸ್ಸಾದ ತಂದೆತಾಯಿಯ ಸಲುವಾಗಿ ಊರಿಗೆ ಮರಳುವುದಾಗಿ ಅವರು ಫೈನಲ್‌ಗೆ ಮೊದಲೇ ಹೇಳಿದ್ದರು. ಮರುವರ್ಷ ಮಯಾಮಿ ಮಾರ್ಲಿನ್ಸ್ ತಂಡ ಅವರಿಗೆ ಕೊಟ್ಟದ್ದು ಮೊದಲ ಬೇಸ್‌ನ ಪಕ್ಕ ನಿಂತು ಓಟಗಾರರಿಗೆ ಸನ್ನೆ ಮಾಡುವ ಕೋಚ್ ಹುದ್ದೆ.