ಬಾಲಿಯಿಂದ 12 ದಿನ, ಲಿಸ್ಬನ್‌ನಿಂದ ಮೂರು ವರ್ಷ

1993ರ ಮುಂಬೈ ಬಾಂಬ್ ಸ್ಫೋಟ ಪ್ರಕರಣದ ಆರೋಪಿ ಅಬು ಸಲೇಂ ಪೋರ್ಚುಗಲ್‌ನ ಲಿಸ್ಬನ್‌ನಲ್ಲಿ ಸಿಕ್ಕಿಬಿದ್ದದ್ದು 2002ರ ಸೆಪ್ಟೆಂಬರ್‌ನಲ್ಲಿ, ಭಾರತಕ್ಕೆ ಬಂದಿಳಿದದ್ದು 2005ರ ನವೆಂಬರ್‌ನಲ್ಲಿ. ಮುಂಬೈನ ಭೂಗತ ಪಾತಕಿ ಛೋಟಾ ರಾಜನ್ 2015ರ ಅಕ್ಟೋಬರ್ 25ರಂದು ಇಂಡೊನೇಷ್ಯಾದ ಬಾಲಿಯಲ್ಲಿ ಸಿಕ್ಕ, ನವೆಂಬರ್ 6ಕ್ಕೆ ದೆಹಲಿಯಲ್ಲಿದ್ದ.

ಇಷ್ಟು ಅಂತರ ಬಂದದ್ದು ದಾರಿ ಬೇರೆಯಾದ್ದರಿಂದ. ರಾಜನ್‌ನದು ಗಡೀಪಾರು. ಪಾಸ್‌ಪೋರ್ಟ್ ಸುಳ್ಳೆಂದು ಗೊತ್ತಾದರೆ ಆ ದೇಶ ತನ್ನ ವಲಸೆ ಕಾನೂನಿನಡಿ ಹೊರಗಟ್ಟಬಹುದು. ಅವನ ಕೈಲಿದ್ದದ್ದು ಮೋಹನ್ ಕುಮಾರ್ ಹೆಸರಿನ ಪಾಸ್‌ಪೋರ್ಟ್, ಕೊಟ್ಟದ್ದು ನಮ್ಮ ಬೆಂಗಳೂರಿನ ಕಚೇರಿ. 2017ರಲ್ಲಿ ದೆಹಲಿಯ ವಿಶೇಷ ನ್ಯಾಯಾಲಯ ಅವನ ಜೊತೆ ಮೂವರು ನಿವೃತ್ತ ಅಧಿಕಾರಿಗಳಿಗೂ ಏಳು ವರ್ಷ ಶಿಕ್ಷೆ ವಿಧಿಸಿತು. ಗಡಿಯಾಚೆಗಿನ ಅಪರಾಧಕ್ಕೆ ಬಾಗಿಲು ತೆರೆದುಕೊಳ್ಳುವುದು ಹೀಗೆ, ಊರಿನ ಕೌಂಟರಿನಲ್ಲೇ.

ಸಲೇಂನದು ಹಸ್ತಾಂತರ, ಅಂದರೆ ಒಂದು ದೇಶದ ಕೋರಿಕೆಯ ಮೇಲೆ ಇನ್ನೊಂದು ದೇಶ ಆರೋಪಿಯನ್ನು ವಿಚಾರಣೆಗೆ ಒಪ್ಪಿಸುವುದು. ಆಗ ಪೋರ್ಚುಗಲ್ ಜೊತೆ ನಮಗೆ ಒಪ್ಪಂದವೇ ಇರಲಿಲ್ಲ. ಇಂಟರ್‌ಪೋಲ್‌ನ ರೆಡ್ ಕಾರ್ನರ್ ನೋಟಿಸನ್ನು ಅಂತರರಾಷ್ಟ್ರೀಯ ಬಂಧನ ವಾರಂಟ್ ಎಂದುಕೊಳ್ಳುವವರು ಬಹಳ. ಅದು ಆರೋಪಿಯನ್ನು ಪತ್ತೆಹಚ್ಚಿ ಹಿಡಿದಿಡಿ ಎಂದು ಬೇರೆ ದೇಶಗಳ ಪೊಲೀಸರಿಗೆ ಮಾಡುವ ಕೋರಿಕೆಯಷ್ಟೇ. ಬಂಧಿಸುವುದೋ ಬಿಡುವುದೋ ಆಯಾ ದೇಶದ ಕಾನೂನಿಗೆ ಬಿಟ್ಟದ್ದು. ಬಂಧನವಾದ ಮೇಲೆ ಭಾರತ ವಾರಂಟ್, ಆರೋಪದ ವಿವರ, ಸಾಕ್ಷ್ಯ, ಗುರುತಿನ ದಾಖಲೆಗಳನ್ನು ಆ ದೇಶದ ಭಾಷೆಗೆ ಅನುವಾದಿಸಿ ರಾಜತಾಂತ್ರಿಕ ದಾರಿಯಲ್ಲಿ ಕಳುಹಿಸಬೇಕು. ಆರೋಪಿಸಿದ ಕೃತ್ಯ ಎರಡೂ ದೇಶಗಳಲ್ಲಿ ಅಪರಾಧವಾಗಿರಬೇಕು. ಪೋರ್ಚುಗಲ್‌ನಲ್ಲಿ ಮರಣದಂಡನೆಯೂ ಇಲ್ಲ, ಜೀವಾವಧಿಯೂ ಇಲ್ಲ. ಹಾಗಾಗಿ 2002ರ ಡಿಸೆಂಬರ್‌ನಲ್ಲಿ ಆಗಿನ ಉಪಪ್ರಧಾನಿ ಎಲ್.ಕೆ. ಅಡ್ವಾಣಿ ಬರೆದುಕೊಟ್ಟರು: ಗಲ್ಲು ಇಲ್ಲ, 25 ವರ್ಷ ಮೀರಿದ ಸೆರೆಯೂ ಇಲ್ಲ.

ನಿಜವಾದ ತೊಡಕು ಕರೆತಂದ ಮೇಲೆ. ನಮ್ಮ 1962ರ ಹಸ್ತಾಂತರ ಕಾಯ್ದೆಯ 21ನೇ ಕಲಂ ಪ್ರಕಾರ ಯಾವ ಅಪರಾಧಕ್ಕೆ ಒಪ್ಪಿಸಿದ್ದಾರೋ ಅದಕ್ಕೆ, ಅದೇ ಸಂಗತಿಗಳಿಂದ ಹೊರಡುವ ಕಡಿಮೆ ಅಪರಾಧಕ್ಕೆ ಮಾತ್ರ ವಿಚಾರಣೆ. ಅದರಾಚೆ ಹೋಗಬೇಕೆಂದರೆ ಒಪ್ಪಿಸಿದ ದೇಶದ ಸಮ್ಮತಿ ಬೇಕು. ಸಲೇಂ ಮೇಲೆ ಹೆಚ್ಚುವರಿ ಆರೋಪ ಹೊರಿಸಲಾಯಿತು. 2010ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಅದನ್ನು ಒಪ್ಪಿತು. 2011ರಲ್ಲಿ ಲಿಸ್ಬನ್‌ನ ನ್ಯಾಯಾಲಯ ಮಾತು ಮುರಿದಿದ್ದೀರಿ ಎಂದು ಹಸ್ತಾಂತರವನ್ನೇ ರದ್ದುಮಾಡಿತು. 2013ರಲ್ಲಿ ಸಿಬಿಐ ಆ ಆರೋಪಗಳಲ್ಲಿ ಕೆಲವನ್ನು ಕೈಬಿಡಬೇಕಾಯಿತು. ಬಾಂಬ್ ಸ್ಫೋಟದಲ್ಲಿ ಮನೆಯವರನ್ನು ಕಳೆದುಕೊಂಡವರಿಗೆ ಇದು ನುಂಗಲಾರದ ತುತ್ತು. ಆದರೂ ಕೊಟ್ಟ ಮಾತು ತಪ್ಪಿದರೆ ಮುಂದಿನ ಆರೋಪಿಯನ್ನು ಯಾವ ದೇಶವೂ ನಂಬಿ ಕೊಡುವುದಿಲ್ಲ.

ಹಿಡಿದವನು ಕೈಜಾರುವುದೂ ಉಂಟು. ಉಡುಪಿಯ ಮಲ್ಪೆ ಮೂಲದ ಭೂಗತ ಪಾತಕಿ ರವಿ ಪೂಜಾರಿ 2019ರ ಜನವರಿಯಲ್ಲಿ ಸೆನೆಗಲ್‌ನಲ್ಲಿ ಸಿಕ್ಕಾಗ ಬುರ್ಕಿನಾ ಫಾಸೊ ಪಾಸ್‌ಪೋರ್ಟಿನಲ್ಲಿ ಆಂಟನಿ ಫರ್ನಾಂಡಿಸ್ ಆಗಿದ್ದ. ಜಾಮೀನು ಪಡೆದು ದಕ್ಷಿಣ ಆಫ್ರಿಕಾಕ್ಕೆ ಪರಾರಿಯಾದ, ಅಲ್ಲಿ ಮತ್ತೆ ಸಿಕ್ಕ. ಬೆಂಗಳೂರಿಗೆ ತಂದದ್ದು 2020ರ ಫೆಬ್ರುವರಿಯಲ್ಲಿ.

ಸಲೇಂಗೆ 2017ರಲ್ಲಿ ಟಾಡಾ (ಭಯೋತ್ಪಾದನೆ ತಡೆ ಕಾಯ್ದೆ) ನ್ಯಾಯಾಲಯ ಜೀವಾವಧಿ ವಿಧಿಸಿತು. 2022ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ಸರ್ಕಾರ ಕೊಟ್ಟ ಮಾತಿಗೆ ಬದ್ಧವಾಗಿರಬೇಕು, 25 ವರ್ಷದ ಲೆಕ್ಕ 2005ರ ಅಕ್ಟೋಬರ್ 12ರಿಂದ ಶುರು ಎಂದಿತು.