ಹೆಸರಿನ ಸ್ಪೆಲ್ಲಿಂಗ್ ಮತ್ತು ಸಂಶೋಧನೆಯ ಅಂಕ

ಹುಬ್ಬಳ್ಳಿಯ ಒಂದು ವಿದ್ಯಾಸಂಸ್ಥೆಯಲ್ಲಿ ನಾನು ಗ್ರಂಥಪಾಲಕ. ಹೋದ ವರ್ಷ ಹಾವೇರಿ ಕಡೆಯ ಕೆಮಿಸ್ಟ್ರಿ ಮೇಡಂ ಒಬ್ಬರು ಬಂದು, "ಸರ್, ನಾ ಬರದದ್ದು ಹನ್ನೊಂದು ಪೇಪರ್. ಸ್ಕೋಪಸ್‌ನ್ಯಾಗ ಆರೇ ತೋರಸಾಕತ್ತೈತಿ. ಉಳಿದವು ಎಲ್ಲಿ ಹೋದ್ವು?" ಅಂದರು. ಸ್ಕೋಪಸ್ ಅಂದರೆ ಸಂಶೋಧನಾ ಪೇಪರ್‌ಗಳನ್ನೂ ಅವುಗಳ ಉಲ್ಲೇಖಗಳನ್ನೂ ಪಟ್ಟಿ ಮಾಡುವ ಡೇಟಾಬೇಸ್. ಕೂತು ಹುಡುಕಿದೆವು. ಎರಡು ಪೇಪರ್ ಮದುವೆಗೆ ಮುಂಚಿನ ಅಡ್ಡಹೆಸರಿನಲ್ಲಿದ್ದವು. ಅವನ್ನು ಬೇರೆ ಯಾರೋ ಬರೆದದ್ದು ಅಂತ ಕಂಪ್ಯೂಟರ್ ತಿಳಿದಿತ್ತು. ಇನ್ನು ಮೂರರಲ್ಲಿ ಸಂಸ್ಥೆಯ ಹೆಸರಿನ ಜಾಗದಲ್ಲಿ ಬರೀ ಇನಿಷಿಯಲ್, ಊರಿಗೆ ಹಳೇ ಸ್ಪೆಲ್ಲಿಂಗ್. ಆ ಮೂರೂ ನಮ್ಮ ಸಂಸ್ಥೆಯ ಲೆಕ್ಕಕ್ಕೇ ಬಂದಿರಲಿಲ್ಲ.

ಇದು ಯಾಕೆ ಮುಖ್ಯ ಅಂದರೆ, ಕೇಂದ್ರ ಶಿಕ್ಷಣ ಸಚಿವಾಲಯದ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ನಲ್ಲಿ ವಿಶ್ವವಿದ್ಯಾಲಯಗಳಿಗೆ 100ಕ್ಕೆ 30 ಅಂಕ ಸಂಶೋಧನೆಯದ್ದು. ಮೊದಲ ಪಟ್ಟಿ ಬಂದದ್ದು 2016ರಲ್ಲಿ. ಎಷ್ಟು ಪೇಪರ್, ಅವನ್ನು ಎಷ್ಟು ಜನ ಉಲ್ಲೇಖಿಸಿದರು ಅನ್ನೋದನ್ನು ಅವರು ನಮ್ಮನ್ನು ಕೇಳೋದಿಲ್ಲ. ಸ್ಕೋಪಸ್, ಅಂಥದ್ದೇ ಇನ್ನೊಂದು ಡೇಟಾಬೇಸ್ ಆದ ವೆಬ್ ಆಫ್ ಸೈನ್ಸ್‌ನಿಂದ ನೇರವಾಗಿ ತೆಗೆದುಕೊಳ್ಳುತ್ತಾರೆ. ಅಲ್ಲಿ ಹೆಸರು ತಪ್ಪಿದ್ದರೆ ಕೆಲಸವೇ ಆಗಿಲ್ಲ ಎಂದಾಗುತ್ತದೆ.

ನಮ್ಮ ಭಾಗಕ್ಕೆ ಈ ತೊಂದರೆ ಜಾಸ್ತಿ. ಇಂಗ್ಲಿಷಿನಲ್ಲಿ 'ಹುಬ್ಳಿ' ಇದ್ದದ್ದು 2014ರ ನವೆಂಬರ್ 1ರಿಂದ 'ಹುಬ್ಬಳ್ಳಿ' ಆಯಿತು. ಧಾರವಾಡದ ಹಳೇ ಇಂಗ್ಲಿಷ್ ಬರಹದಲ್ಲಿ ಕೊನೆಗೆ 'ಡಿ' ಬದಲು 'ಆರ್' ಇರುತ್ತಿತ್ತು. ಕರ್ನಾಟಕ ವಿಶ್ವವಿದ್ಯಾಲಯದ ಇಂಗ್ಲಿಷ್ ಹೆಸರಿನಲ್ಲಿ ಕರ್ನಾಟಕದ ಕೊನೆಯ 'ಎ' ಇಲ್ಲ. ಗೊತ್ತಿಲ್ಲದವರು ಸೇರಿಸಿಬಿಡುತ್ತಾರೆ.

ಸ್ಪೆಲ್ಲಿಂಗ್ ಸರಿ ಮಾಡಬಹುದು. ನನಗೆ ನಿಜವಾಗಿ ಸಂಕಟವಾಗೋದು ಇನ್ನೊಂದಕ್ಕೆ. ಗದಗಿನ ಹತ್ತಿರ ಲಕ್ಕುಂಡಿಯ ಶಾಸನಗಳ ಮುಂದೆ ವರ್ಷಗಟ್ಟಲೆ ಕೂತು ಓದಿ, ಕನ್ನಡದಲ್ಲಿ ಪುಸ್ತಕ ಬರೆದವರು ಇದ್ದಾರೆ ಅಂದುಕೊಳ್ಳಿ. ಅವರ ಶ್ರಮ ಈ ಎರಡು ಡೇಟಾಬೇಸ್‌ಗಳ ಕಣ್ಣಿಗೆ ಬೀಳೋದೇ ಅಪರೂಪ. ಹೊಲಕ್ಕೆ ಹೋದ ಸಂಶೋಧನೆಯ ಕಥೆಯೂ ಅಷ್ಟೇ. ಧಾರವಾಡದಲ್ಲಿ ಹತ್ತಿ ತಳಿ ವಿಜ್ಞಾನಿ ಬಿ.ಎಚ್. ಕಟರಕಿ ಅವರು 1972ರಲ್ಲಿ ವರಲಕ್ಷ್ಮಿ ಹತ್ತಿ ಕೊಟ್ಟರು. ಎರಡು ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ಮಾಡಿದ ಹೈಬ್ರಿಡ್ ಅದು. ಅದರ ಬೆಲೆ ಗೊತ್ತಾಗಬೇಕಾದರೆ ರೈತರನ್ನು ಕೇಳಬೇಕು. ಉಲ್ಲೇಖಗಳನ್ನು ಎಣಿಸಿದರೆ ಸಿಗುತ್ತದಾ?

ವಿಶ್ವವಿದ್ಯಾಲಯಗಳ ಸಂಶೋಧನೆಯನ್ನು ಅಳೆಯುವ ಬ್ರಿಟನ್‌ನ 2021ರ ಮೌಲ್ಯಮಾಪನದಲ್ಲಿ 34 ವಿಷಯಗಳಿಗೆ ಆಯಾ ವಿಷಯ ಬಲ್ಲವರ ಸಮಿತಿ ಇತ್ತು. ಅವರು ಕೆಲಸವನ್ನು ಓದಿ ನಕ್ಷತ್ರ ಕೊಟ್ಟರು. ಜನಜೀವನದಲ್ಲಿ ಅದರಿಂದ ಏನು ಬದಲಾಯಿತು ಅನ್ನೋದಕ್ಕೇ ಶೇ. 25 ತೂಕ. ಅಲ್ಲೂ ಖರ್ಚು ಜಾಸ್ತಿ, ತಕರಾರೂ ಇವೆ. ಆದರೂ ಓದಿ ಅಳೆಯುವ ಪದ್ಧತಿ ನಮಗೂ ಬೇಕು, ಅದರಲ್ಲಿ ಕನ್ನಡ ಬಲ್ಲವರೂ ಇರಬೇಕು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ಬರೀ ಸಂಖ್ಯೆಯ ಹಿಂದೆ ಬಿದ್ದರೆ ಏನಾಗುತ್ತದೆ ಅಂತ ನೋಡಿದ್ದೇವಲ್ಲ. 2018ರಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ತಾನು ಒಪ್ಪಿದ ಜರ್ನಲ್‌ಗಳ ಪಟ್ಟಿಯಿಂದ 4,305 ಜರ್ನಲ್‌ಗಳನ್ನು ಒಂದೇ ಸಲಕ್ಕೆ ಕೈಬಿಡಬೇಕಾಯಿತು. ದುಡ್ಡು ಕೊಟ್ಟರೆ ಏನು ಬೇಕಾದರೂ ಅಚ್ಚು ಹಾಕುವ ಜರ್ನಲ್‌ಗಳ ಹಾವಳಿ ಅಷ್ಟಿತ್ತು.

ಸದ್ಯಕ್ಕೆ ನಮ್ಮ ಕೈಯಲ್ಲಿರೋದನ್ನು ಮಾಡೋಣ. ಆರ್ಕಿಡ್ ಅನ್ನುವ 16 ಅಂಕೆಯ ಗುರುತಿನ ಸಂಖ್ಯೆ ಉಚಿತವಾಗಿ ಸಿಗುತ್ತದೆ. ಮೊದಲ ಪೇಪರ್‌ಗೆ ಮುಂಚೆಯೇ ಮಾಡಿಸಿಕೊಳ್ಳಿ. ಅಡ್ಡಹೆಸರು ಬದಲಾದರೂ ಆ ಸಂಖ್ಯೆ ಬದಲಾಗೋದಿಲ್ಲ. ಸಂಸ್ಥೆಯ ಹೆಸರನ್ನು ಹೇಗೆ ಬರೆಯಬೇಕು ಅಂತ ಒಂದೇ ರೂಪ ಗೊತ್ತುಮಾಡಿ, ಲ್ಯಾಬಿನ ಗೋಡೆಗೆ ಅಂಟಿಸಿ. ಹಳ್ಳಿಯಲ್ಲಿ ಮಣ್ಣು ಪರೀಕ್ಷೆ ಮಾಡಿದಿರಾ? ಪಂಚಾಯ್ತಿಯಿಂದ ಅದೇ ದಿನ ಪತ್ರ ತಗೊಳ್ಳಿ, ತಾರೀಖು ಇರುವ ಫೋಟೋ ಇಟ್ಟುಕೊಳ್ಳಿ. ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯುವ ನ್ಯಾಕ್‌ನ ಇದುವರೆಗಿನ ಪದ್ಧತಿಯಲ್ಲಿ ವಿಶ್ವವಿದ್ಯಾಲಯಗಳಿಗೆ 1000ಕ್ಕೆ 250 ಅಂಕ ಸಂಶೋಧನೆ ಮತ್ತು ವಿಸ್ತರಣೆಯ (ಅಂದರೆ ಜನರ ನಡುವೆ ಮಾಡುವ ಕೆಲಸದ) ಮಾನದಂಡಕ್ಕಿದೆ. ಇಂಥ ಕಾಗದ ಅಲ್ಲಿ ನೆರವಿಗೆ ಬರುತ್ತದೆ. ಐದು ವರ್ಷ ಬಿಟ್ಟು ಹುಡುಕಿದರೆ ಪಂಚಾಯ್ತಿ ಅಧ್ಯಕ್ಷರೇ ಬದಲಾಗಿರುತ್ತಾರೆ.

ಮೇಡಂ ಅವತ್ತೇ ಸ್ಕೋಪಸ್‌ಗೆ ತಿದ್ದುಪಡಿ ಕೋರಿ ಬರೆದರು. ಕೆಲವು ವಾರಗಳ ನಂತರ ಹನ್ನೊಂದೂ ಕಂಡವು. ಮೊನ್ನೆ ತಮ್ಮ ಪಿಎಚ್.ಡಿ. ವಿದ್ಯಾರ್ಥಿನಿಯನ್ನು ಕರೆದುಕೊಂಡು ಬಂದಿದ್ದರು. ಆ ಹುಡುಗಿಯ ಮೊದಲ ಪೇಪರ್ ಇನ್ನೂ ಕಳಿಸಿಲ್ಲ. ಆರ್ಕಿಡ್ ಫಾರಂ ತೆರೆದು ಆಕೆ ಕೇಳಿದ ಮೊದಲ ಪ್ರಶ್ನೆ: "ಸರ್, ಹುಬ್ಬಳ್ಳಿಗೆ ಎಷ್ಟು ಬಿ ಹಾಕ್ಲಿ?"

"ಎರಡು ಹಾಕವ್ವಾ" ಅಂದೆ.